ಕೊಟ್ರಬಸಪ್ಪ ಮಗಳ ತಗ್ಗು ತುಂಬಿದ ಕಥೆ

ಹಾವೇರಿ ಸೀಮೆಯ ಒಂದು ಊರಿನಲ್ಲಿ ದೊಡ್ಡ ಮೆಣಸಿನಕಾಯಿ ಪೇಟೆ ಇತ್ತು. ಆ ಪೇಟೆಯಲ್ಲಿ ಕೊಟ್ರಬಸಪ್ಪ ಎಂಬ ದಲಾಲನಿದ್ದ. ರೈತರು ತಂದ ಕಾಯಿಯನ್ನು ನೋಡಿ, ದರ್ಜೆ ಹೇಳಿ, ಮಾರಿಸಿ ಕೊಡುವುದು ಅವನ ಕಸುಬು.

ಮೆಣಸಿನಕಾಯಿ ಪೇಟೆಯಲ್ಲಿ ಒಂದು ಹಳೆಯ ಮೋಸವಿದೆ. ಚೀಲದ ಬಾಯಿಗೆ ಕೆಂಪು ಕಾಯಿ ತುಂಬುವುದು, ತಳಕ್ಕೆ ಬಣ್ಣ ಬಿಟ್ಟ ಬಿಳಿಗಾಯಿ ತುಂಬುವುದು. ಎಲ್ಲರೂ ಹೀಗೆ ಮಾಡುವುದಿಲ್ಲ. ಮಾಡುವವರು ಮಾತ್ರ ಎಲ್ಲರಿಗಿಂತ ಹೆಚ್ಚು ಆಣೆ ಇಡುತ್ತಾರೆ. ಕೊಟ್ರಬಸಪ್ಪ ಆಣೆಗೆ ಬಗ್ಗುವವನಲ್ಲ. ಅಂಗಿಯ ತೋಳು ಮಡಿಸಿ, ಹೆಗಲವರೆಗೆ ಚೀಲದೊಳಗೆ ಕೈ ತೂರಿಸಿ, ತಳದಿಂದ ಒಂದು ಮುಷ್ಟಿ ತೆಗೆಯುತ್ತಿದ್ದ. ಆ ಮುಷ್ಟಿ ಹೇಗಿದೆಯೋ ಚೀಲದ ದರವೂ ಹಾಗೆಯೇ.

“ಚೀಲದ ಬಾಯಿ ಸುಳ್ಳು ಹೇಳತೈತಿ. ತಳ ಸುಳ್ಳು ಹೇಳಂಗಿಲ್ಲ,” ಎನ್ನುತ್ತಿದ್ದ.

ಅವನಿಗೆ ಈ ಮಾತು ಸುಮ್ಮನೆ ಬಂದದ್ದಲ್ಲ. ಅವನ ತಂದೆಯ ಕಾಲದಲ್ಲಿ ಒಮ್ಮೆ ಅವರ ಅಂಗಡಿಯ ಚೀಲದ ತಳದಲ್ಲಿಯೇ ಬಿಳಿಗಾಯಿ ಸಿಕ್ಕಿತ್ತು. ಕೊಂಡವನು ಚೀಲವನ್ನು ಹೊತ್ತು ತಂದು ಪೇಟೆಯ ನಡುವೆ ಸುರುವಿದ್ದ. ತಂದೆ ತಲೆ ತಗ್ಗಿಸಿ ನಿಂತದ್ದನ್ನು ಕೊಟ್ರಬಸಪ್ಪ ಚಿಕ್ಕಂದಿನಲ್ಲಿ ನೋಡಿದ್ದ. ಅಂಥ ನಗೆಪಾಟಲು ತನ್ನ ಮನೆಗೆ ಮತ್ತೆ ಬರಬಾರದೆಂದು ಅವನು ಹಟ ಹಿಡಿದಿದ್ದ.

ಅವನಿಗೂ ಅವನ ಹೆಂಡತಿ ಸುಮಂಗಲಾಗೂ ಒಬ್ಬಳೇ ಮಗಳು. ಹೆಸರು ಸಿಂಚನಾ. ಒಂಬತ್ತು ವರ್ಷದವಳು.

ಈ ಹುಡುಗಿಯ ತಲೆಯೇ ಬೇರೆ. ಊಟಕ್ಕೆ ಕೂತರೆ ಅನ್ನ ಆರಿ ಹೋಗುತ್ತಿತ್ತು, ಪ್ರಶ್ನೆ ಮುಗಿಯುತ್ತಿರಲಿಲ್ಲ.

“ಅಪ್ಪಾ, ಖಾರ ಕಾಯಾಗ ಇರತೈತೋ, ನಾಲಿಗ್ಯಾಗ ಇರತೈತೋ?”

“ಕಾಯಾಗ ಇರತೈತಿ.”

“ಹಂಗಾದ್ರ ಗಿಳಿ ತಿಂದ್ರ ಗಿಳೀಗೆ ಯಾಕ ಖಾರ ಹತ್ತಂಗಿಲ್ಲ? ಕಾಯಿ ಅದ ಅಲ್ಲಾ?”

 ಕೊಟ್ರಬಸಪ್ಪ ಅಂಗಡಿಗೆ ಬಂದವರ ಮುಂದೆ ಆ ಪ್ರಶ್ನೆಯನ್ನು ಹಿಗ್ಗಿ ಹಿಗ್ಗಿ ಹೇಳಿಕೊಳ್ಳುತ್ತಿದ್ದ. ಮಗಳೆಂದರೆ ಅವನಿಗೆ ಜೀವ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಮುಂದೆ ನೀವು ಅವನನ್ನು ಬೈಯುವಾಗ ನೆನಪಿರಲಿ.

ಆದರೆ ಸಿಂಚನಾ ಕೈಕೆಲಸದಲ್ಲಿ ಬಹಳ ನಿಧಾನ. ಅವಳು ಬೂಟಿನ ದಾರ ಕಟ್ಟುವುದರೊಳಗೆ ಶಾಲೆಯ ಬಸ್ಸು ಹೋಗಿರುತ್ತಿತ್ತು. ಪರೀಕ್ಷೆಯಲ್ಲಿ ಅರ್ಧ ಹಾಳೆ ಖಾಲಿ ಬಿಟ್ಟು ಬರುತ್ತಿದ್ದಳು. ಬರೆದಷ್ಟು ಮಾತ್ರ ಮಾಸ್ತರರು ಇನ್ನೊಬ್ಬರನ್ನು ಕರೆದು ತೋರಿಸುವಂತಿರುತ್ತಿತ್ತು. ಒಂದು ಲೆಕ್ಕಕ್ಕೆ ಎರಡು ದಾರಿ ಕಂಡರೆ ಎರಡನ್ನೂ ಬರೆಯುತ್ತಿದ್ದಳು. ಯಾವ ದಾರಿ ಚೆಂದ ಅಂತ ಯೋಚಿಸುತ್ತ ಕೂರುತ್ತಿದ್ದಳು. ಅಷ್ಟರಲ್ಲಿ ಗಂಟೆ ಬಾರಿಸುತ್ತಿತ್ತು.

ಶಾಲೆಯಲ್ಲಿ ಜಗಳವೇ ಆಯಿತು. ಒಬ್ಬ ಮಾಸ್ತರರು ಈ ಹುಡುಗಿಯನ್ನು ಒಂದು ತರಗತಿ ಮುಂದೆ ಹಾಕಬೇಕೆಂದರು. ಇನ್ನೊಬ್ಬರು ಇದೇ ತರಗತಿಯಲ್ಲಿ ಇನ್ನೊಂದು ವರ್ಷ ಕೂರಿಸಬೇಕೆಂದರು. ಎತ್ತು ಏರಿಗೆಳೆಯಿತು, ಕೋಣ ನೀರಿಗೆಳೆಯಿತು. ಕೊನೆಗೆ ಹೆಡ್‌ಮಾಸ್ತರರು ಕೊಟ್ರಬಸಪ್ಪನನ್ನು ಕರೆಸಿದರು. ಹುಬ್ಬಳ್ಳಿಯಲ್ಲಿ ಮಕ್ಕಳ ಬುದ್ಧಿಶಕ್ತಿ ಪರೀಕ್ಷೆ ಮಾಡುವ ಮೇಡಂ ಒಬ್ಬರಿದ್ದಾರೆ, ಒಮ್ಮೆ ತೋರಿಸಿಕೊಂಡು ಬನ್ನಿ ಎಂದರು.

ಆ ಮೇಡಂ ಹೆಸರು ವೈಜಯಂತಿ. ಅವರು ಸಿಂಚನಾಳನ್ನು ಅರ್ಧ ದಿನ ತಮ್ಮ ಬಳಿ ಕೂರಿಸಿಕೊಂಡರು. ಮಾತಿನ ಅರ್ಥ ಕೇಳಿದರು. ಬಣ್ಣದ ತುಂಡು ಕೊಟ್ಟು ಜೋಡಿಸಲು ಹೇಳಿದರು. ಅಂಕಿಗಳನ್ನು ಹೇಳಿ, ಹಿಂದುಮುಂದಾಗಿ ತಿರುಗಿಸಿ ಹೇಳಿಸಿದರು. ಕೊನೆಗೆ ಗಡಿಯಾರ ಹಿಡಿದು, ಸಣ್ಣ ಸಣ್ಣ ಗುರುತುಗಳನ್ನು ಬೇಗ ಬೇಗ ನಕಲು ಮಾಡಲು ಹೇಳಿದರು.

ಆಮೇಲೆ ತಂದೆತಾಯಿಯನ್ನು ಒಳಗೆ ಕರೆದರು.

“ನೂರು ಮಕ್ಕಳನ್ನ ಸಾಲಾಗಿ ನಿಲ್ಲಿಸಿದ್ವಿ ಅಂತ ತಿಳಕೊಳ್ರಿ,” ಎಂದರು ಮೇಡಂ. “ಮಾತಿನ ತಿಳುವಳಿಕಿ ನೋಡಿದ್ರ ನಿಮ್ಮ ಮಗಳ ಮುಂದ ಒಬ್ಬರೋ ಇಬ್ಬರೋ ಇರತಾರ, ಅಷ್ಟ. ಆಕಾರ ನೋಡಿ ತರ್ಕ ಮಾಡೋದ್ರಾಗೂ ಹಂಗ. ಮನಸ್ಸಿನ್ಯಾಗ ಹಿಡಿದಿಟ್ಟುಕೊಳ್ಳೋದೂ ಚಲೋ ಐತಿ. ಆದ್ರ ವೇಗ ನೋಡಿದ್ರ ಮುಕ್ಕಾಲು ಪಾಲು ಮಕ್ಕಳು ಆಕಿ ಮುಂದ ನಿಂದ್ರತಾರ.”

“ಎಲ್ಲಾ ಕೂಡಿಸಿದ್ರ ಎಷ್ಟ ಆತ್ರಿ?” ಎಂದ ಕೊಟ್ರಬಸಪ್ಪ.

“ಕೂಡಿಸಬಾರದ್ರಿ. ಕೂಡಿಸಿ ಭಾಗಿಸಿದ್ರ ಒಂದು ಅಂಕಿ ಬರತೈತಿ. ಆ ಅಂಕಿಯೊಳಗ ನಿಮ್ಮ ಮಗಳು ಸಿಗಂಗಿಲ್ಲ. ಒಂದು ಕಡೆ ಗುಡ್ಡ ಐತಿ, ಒಂದು ಕಡೆ ತಗ್ಗು ಐತಿ. ಇಂಥಾ ಶ್ಯಾಣ್ಯಾ ಮಕ್ಕಳೊಳಗ ಇದು ಭಾಳ ಸಲ ಕಾಣತೈತಿ. ಆಕಿ ಯೋಚನಿ ನಿಧಾನ ಅಲ್ಲ, ಕೈ ನಿಧಾನ. ಪರೀಕ್ಷಾದಾಗ ಹೆಚ್ಚಿಗಿ ಟೈಮ್ ಕೊಡಸ್ರಿ, ನಾ ಶಾಲಿಗೆ ಬರದು ಕೊಡ್ತೀನಿ. ಅವಸರ ಮಾಡಬ್ಯಾಡ್ರಿ. ಆಕಿ ಪ್ರಶ್ನಿ ಕೇಳೋದನ್ನ ಮಾತ್ರ ನಿಲ್ಲಸಬ್ಯಾಡ್ರಿ.”

 ಕೊಟ್ರಬಸಪ್ಪ ದನಿ ತಗ್ಗಿಸಿ ಕೇಳಿದ.

“ಮೇಡಂ, ತಪ್ಪು ತಿಳೀಬ್ಯಾಡ್ರಿ. ಇದರಾಗ ಖರೇದು ಯಾವುದ್ರಿ?”

“ಎಲ್ಲಾನೂ ಖರೇನ ರೀ.”

ಅವನು ನಕ್ಕ. ಆಣೆ ಇಡುವ ರೈತನನ್ನು ನೋಡಿ ದಿನವೂ ಹೀಗೆಯೇ ನಗುತ್ತಿದ್ದ.

ಊರಿಗೆ ಬರುವ ಬಸ್ಸಿನಲ್ಲಿ ಅವನ ತಲೆಯೊಳಗೆ ಪೇಟೆಯ ಲೆಕ್ಕ ಓಡಿತು. ಮಾತು ಚೆಂದ, ತರ್ಕ ಚೆಂದ, ನೆನಪು ಚೆಂದ. ಇದೆಲ್ಲ ಕಾಣುವ ಕಡೆ ಇರುವುದು. ಕೈ ತೂರಿಸಿದಾಗ ತಳದಲ್ಲಿ ಸಿಕ್ಕಿದ್ದು ವೇಗ. ಅದು ಬಿಳಿಗಾಯಿ. ಬೆಳ್ಳಗಿರುವುದೆಲ್ಲ ಹಾಲಲ್ಲ ಎಂದು ಜನ ಸುಮ್ಮನೆ ಹೇಳಿದ್ದಾರೆಯೇ? ಮಗಳ ಮಾತಿಗೆ ತಾನು ಹಿಗ್ಗಿದ್ದೆಲ್ಲ ಚೀಲದ ಬಾಯಿ ನೋಡಿ ಹಿಗ್ಗಿದ್ದೆಂದು ಅವನಿಗೆ ಅನಿಸಿತು. ನಾಳೆ ದೊಡ್ಡ ಪರೀಕ್ಷೆಯಲ್ಲಿ, ಕೊಟ್ಟ ಮನೆಯಲ್ಲಿ, ಯಾರೋ ಒಬ್ಬರು ಕೈ ತೂರಿಸಿಯೇ ತೂರಿಸುತ್ತಾರೆ. ಆಗ ನಾಲ್ಕು ಜನರ ಮುಂದೆ ತಲೆ ತಗ್ಗಿಸಿ ನಿಲ್ಲುವವಳು ತನ್ನ ಮಗಳು.



ನೋಡಿ, ಇಲ್ಲಿಯೇ ಅವನು ಎಡವಿದ. ಚೀಲಕ್ಕೆ ಸುಳ್ಳು ಬಾಯಿ ಇರುತ್ತದೆ, ನಿಜ. ಏಕೆಂದರೆ ಯಾರೋ ಬೇಕೆಂದೇ ಹಾಗೆ ತುಂಬಿರುತ್ತಾರೆ. ಮಗುವನ್ನು ಯಾರು ಹಾಗೆ ತುಂಬಿದ್ದರು? ಇಷ್ಟು ಸಣ್ಣ ಪ್ರಶ್ನೆ ಅವನಿಗೆ ಹೊಳೆಯಲಿಲ್ಲ. ಪಕ್ಕದಲ್ಲಿ ಕೂತಿದ್ದ ಮಗಳನ್ನು ಕೇಳಿದ್ದರೆ ಅವಳೇ ಹೇಳುತ್ತಿದ್ದಳೋ ಏನೋ.

ಮನೆಗೆ ಬಂದವನೇ ಹೆಂಡತಿಗೆ ಹೇಳಿದ. “ನಾಳಿಂದ ಮೊದಲ ಈ ತಗ್ಗು ತುಂಬಬೇಕು.”

“ಮೇಡಂ ಹಂಗ ಹೇಳ್ಲಿಲ್ಲಲ್ರೀ,” ಎಂದಳು ಸುಮಂಗಲಾ. “ಅವಸರ ಮಾಡಬ್ಯಾಡ್ರಿ ಅಂದ್ರು.”

“ಮೇಡಂ ಪುಸ್ತಕ ಓದ್ಯಾರ. ನಾ ಮಾಲು ನೋಡೇನಿ. ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇನ? ನೀ ಸುಮ್ನಿರು.”

ಸುಮಂಗಲಾ ಸುಮ್ಮನಾದಳು. ಅವಳು ಆ ದಿನ ಸುಮ್ಮನಾಗಬಾರದಿತ್ತು.

ಕೊಟ್ರಬಸಪ್ಪ ಒಂದು ಟೈಮರ್ ಗಡಿಯಾರ ತಂದ. ಹೊತ್ತು ಮುಗಿದ ಕೂಡಲೇ ಕಿರ್ರೆಂದು ಕೂಗುವಂಥದು. ವೇಗದ ಲೆಕ್ಕ ಕಲಿಸುವ ಮನೆಪಾಠ ಗೊತ್ತುಮಾಡಿದ. ದಿನವೂ ಹಾಳೆಗಟ್ಟಲೆ ಕೂಡಿಸುವ, ಕಳೆಯುವ ಲೆಕ್ಕ. ನಡುವೆ ಗುರುತು ನಕಲು ಮಾಡುವ ಹಾಳೆ. ಟೈಮರ್ ಕೂಗುವುದರೊಳಗೆ ಮುಗಿಯಬೇಕು. ಕಥೆಪುಸ್ತಕಗಳು ಅಟ್ಟ ಹತ್ತಿದವು. ಸಂತೆಯ ದಿನ ಅಪ್ಪನ ಜೊತೆ ಪೇಟೆಗೆ ಬಂದು ಅದೇನು, ಇದೇಕೆ ಎಂದು ಕೇಳುತ್ತಿದ್ದುದೂ ನಿಂತಿತು. ಆ ಹೊತ್ತಿಗೆ ಮನೆಪಾಠವಿತ್ತು.

ಮೊದಮೊದಲು ಸಿಂಚನಾ ಅಳುತ್ತಿದ್ದಳು. ಬರೆಯುತ್ತ ಬರೆಯುತ್ತ ನಡುವೆ ತಲೆ ಎತ್ತುತ್ತಿದ್ದಳು.

“ಅಪ್ಪಾ, ಒಂದು ಪ್ರಶ್ನಿ.”

“ಪ್ರಶ್ನಿ ಆಮ್ಯಾಲ ಯವ್ವಾ. ಮೊದಲ ಲಗೂ ಲಗೂ ಹಾಳಿ ಮುಗಸು, ಗಡಿಯಾರ ಕೂಗತೈತಿ.”

ಹಾಳೆ ಮುಗಿಯುವ ಹೊತ್ತಿಗೆ ಅವಳು ತೂಕಡಿಸುತ್ತಿದ್ದಳು. ಪ್ರಶ್ನೆ ಮರುದಿನಕ್ಕೆ ಹೋಗುತ್ತಿತ್ತು. ಮರುದಿನ ಮತ್ತೆ ಹಾಳೆ ಬರುತ್ತಿತ್ತು. ಒಂದು ದಿನ ಅವಳು ಬಹಳ ಹೊತ್ತು ಒಂದು ಲೆಕ್ಕವನ್ನೇ ನೋಡುತ್ತ ಕೂತಿದ್ದಳು. ಟೈಮರ್ ಕಿರ್ರೆಂದಿತು. ಅವಳು ಬೆಚ್ಚಿಬಿದ್ದು ಪೆನ್ಸಿಲ್ ಕೈಬಿಟ್ಟಳು. ಕೊಟ್ರಬಸಪ್ಪ ಅದನ್ನು ಎತ್ತಿ ಅವಳ ಕೈಗೆ ಕೊಟ್ಟ. ಮಗಳ ತಲೆ ಸವರಿ, ಕೈ ಕೆಸರಾದರೆ ಬಾಯಿ ಮೊಸರು ಎಂದು ಸಮಾಧಾನ ಹೇಳಿ, ಟೈಮರನ್ನು ಮತ್ತೆ ತಿರುಗಿಸಿ ಇಟ್ಟ.

ಹುಡುಗಿಯ ತಲೆಯೇ ಬೇರೆ ಎಂದೆನಲ್ಲ? ಅವಳು ಈ ಸಮಸ್ಯೆಯನ್ನೂ ಬಿಡಿಸಿದಳು. ಹೊತ್ತು ಎಲ್ಲಿ ಹೋಗುತ್ತಿದೆ ಎಂದು ಹುಡುಕಿದಳು. ಕೈಗಿಂತ ಹೆಚ್ಚು ಹೊತ್ತು ಯೋಚನೆಗೇ ಹೋಗುತ್ತಿದೆ ಎಂದು ಕಂಡುಕೊಂಡಳು. ಹಾಗಾದರೆ ಯೋಚನೆ ಮಾಡುವುದನ್ನು ಬಿಟ್ಟರಾಯಿತು. ಮೊದಲು ಹೊಳೆದದ್ದನ್ನು ಬರೆದು ಮುಂದಕ್ಕೆ ಹೋಗುವುದು. ಸರಿಯೋ ತಪ್ಪೋ, ಟೈಮರ್ ಕೂಗಬಾರದು, ಅಷ್ಟೇ. ಆ ಮಗು ತನ್ನ ಬುದ್ಧಿಯಿಂದ ಮಾಡಿದ ಕೊನೆಯ ದೊಡ್ಡ ಕೆಲಸ ಇದೇ ಎಂದು ನನಗೆ ಅನಿಸುತ್ತದೆ. 

ಅಲ್ಲಿಂದ ಮುಂದೆ ಎಲ್ಲವೂ ಸಲೀಸಾಯಿತು. ಅಳು ನಿಂತಿತು. ಶಾಲೆಯ ಬಸ್ಸು ತಪ್ಪಲಿಲ್ಲ. ಪರೀಕ್ಷೆಯಲ್ಲಿ ಖಾಲಿ ಹಾಳೆ ಉಳಿಯಲಿಲ್ಲ. ಎಲ್ಲರಿಗಿಂತ ಮೊದಲು ಎದ್ದು ಹೋಗಿ ಉತ್ತರ ಪತ್ರಿಕೆ ಕೊಡತೊಡಗಿದಳು. ಅಂಕ ತೀರ ಕಡಿಮೆಯೂ ಇಲ್ಲ, ಹೆಚ್ಚೂ ಇಲ್ಲ, ಪಾಸು. ಮಾಸ್ತರರ ಜಗಳವೂ ಮುಗಿಯಿತು. ಮುಂದಿನ ತರಗತಿಗೆ ಹಾಕಬೇಕೆಂದು ವಾದ ಮಾಡಿದವರು ಈಗ ಅವಳ ಹಾಳೆಯನ್ನು ಯಾರಿಗೂ ಕರೆದು ತೋರಿಸುತ್ತಿರಲಿಲ್ಲ.

ಊಟದ ಹೊತ್ತಿಗೆ ಅನ್ನ ಆರುವುದು ನಿಂತಿತು. ಸಿಂಚನಾ ತಲೆ ಬಗ್ಗಿಸಿ ಉಂಡು, ತಟ್ಟೆ ತೊಳೆದಿಟ್ಟು ಏಳುತ್ತಿದ್ದಳು.

“ಮನಿ ಭಾಳ ಸುಮ್ನಾಗೇತಿ ನೋಡ್ರಿ,” ಎಂದಳು ಒಮ್ಮೆ ಸುಮಂಗಲಾ.

“ಶಿಸ್ತು ಬಂದೇತಿ,” ಎಂದ ಕೊಟ್ರಬಸಪ್ಪ.

ಒಂದು ವರ್ಷ ದಾಟಿ ಮತ್ತಷ್ಟು ದಿನ ಕಳೆದ ಮೇಲೆ ಅವನು ಹೆಂಡತಿ, ಮಗಳನ್ನು ಮತ್ತೆ ಹುಬ್ಬಳ್ಳಿಗೆ ಕರೆದುಕೊಂಡು ಹೋದ. ಹೋಗುವಾಗ ಮೇಡಂಗೆಂದು ಪೇಢೆಯ ಡಬ್ಬಿ ಹಿಡಿದಿದ್ದ. ಈ ಸಲ ಪರೀಕ್ಷೆ ಬಹಳ ಬೇಗ ಮುಗಿಯಿತು. ವೈಜಯಂತಿ ಮೇಡಂ ಸಿಂಚನಾಳನ್ನು ತಾಯಿಯ ಜೊತೆ ಹೊರಗೆ ಕೂರಿಸಿ, ತಂದೆಯೊಬ್ಬನನ್ನೇ ಒಳಗೆ ಕರೆದರು.

“ವೇಗ ಹೆಂಗೈತ್ರಿ ಮೇಡಂ?” ಎಂದು ಕೂರುವ ಮೊದಲೇ ಕೇಳಿದ.

“ವೇಗ ಸ್ವಲ್ಪ ಏರೇತಿ. ನಡುವಿನ ಮಕ್ಕಳ ಸಾಲಿಗೆ ಬಂದಾಳ.”

“ಉಳಿದದ್ದು?”

“ಉಳಿದದ್ದೂ ನಡುವಿಗೆ ಬಂದೇತಿ.”

ಮೇಡಂ ಎರಡು ಗೆರೆಗಳನ್ನು ಬರೆದು ತೋರಿಸಿದರು. ಹಿಂದಿನ ಸಲದ ಗೆರೆ ಏರಿ ಇಳಿದಿತ್ತು. ಈ ಸಲದ ಗೆರೆ ನೆಟ್ಟಗೆ ಮಲಗಿತ್ತು.

“ಎಲ್ಲಾ ಸಮ ಆತಲ್ರೀ!” ಎಂದ ಕೊಟ್ರಬಸಪ್ಪ. ಅವನ ಮುಖ ಅರಳಿತು. ಪೇಢೆಯ ಡಬ್ಬಿಯ ದಾರ ಬಿಚ್ಚತೊಡಗಿದ.

“ಸಮ ಆತ್ರಿ,” ಎಂದರು ಮೇಡಂ. ಡಬ್ಬಿಯನ್ನು ಮುಟ್ಟಲಿಲ್ಲ. “ತಗ್ಗು ಒಂದೀಟು ತುಂಬೇತಿ. ಗುಡ್ಡ ಕರಗಿ ಹೋಗೇತಿ. ಹ್ವಾದ ಸಲ ಆಕಿ ಒಂದು ಪ್ರಶ್ನಿಗೆ ಉತ್ತರಾ ಹೇಳಿ, ತಡೀರಿ ಮೇಡಂ, ಇನ್ನೊಂದು ನಮೂನಿನೂ ಹೇಳಬಹುದು ಅಂತಿದ್ಲು. ಈ ಸಲ ನಾ ಪ್ರಶ್ನಿ ಮುಗಸೂದ್ರಾಗ ಉತ್ತರಾ ಹೇಳ್ತಾಳ. ಅರ್ಧಾ ಪ್ರಶ್ನಿ ಕೇಳಿ ಪೂರಾ ಉತ್ತರಾ. ತುಂಡು ಜೋಡಸು ಅಂದ್ರ ಹೆಂಗ್ ಬೇಕು ಹಂಗ ಇಟ್ಟು ಕೈ ಕಟ್ಟಿ ಕುಂದ್ರತಾಳ. ಮನ್ಯಾಗ ಏನ್ ಮಾಡಿದ್ರಿ ನೀವು?”

ಕೊಟ್ರಬಸಪ್ಪ ಎಲ್ಲವನ್ನೂ ಹೇಳಿದ. ಹೇಳುತ್ತ ಹೇಳುತ್ತ ಅವನ ದನಿ ಸಣ್ಣದಾಯಿತು. ಚೀಲಕ್ಕೆ ಕೈ ಹಾಕುವವನಿಗೆ ಮಾಲು ಕೆಟ್ಟದ್ದು ಗೊತ್ತಾಗದೆ ಇರುವುದಿಲ್ಲ. ಇಷ್ಟು ದಿನ ಅವನು ಆ ಕಡೆ ನೋಡಿರಲಿಲ್ಲ, ಅಷ್ಟೇ.

“ಇದು ತಿರುಗಿ ಬರತೈತೇನ್ರಿ ಮೇಡಂ?”

“ಬರಬಹುದು. ಬರದ ಇರಬಹುದು. ಗಡಿಯಾರ ತಗದು ಒಗೀರಿ. ಆಕೀಗೆ ಅವಸರಿಲ್ಲದ ದಿನಾ ಕೊಡ್ರಿ. ಎಷ್ಟ ದಿನಾ ಅಂತ ನನ್ನ ಕೇಳಬ್ಯಾಡ್ರಿ. ನಾ ಮಾತು ಕೊಡಾಕ ಬರಂಗಿಲ್ಲ.”

ಪೇಢೆಯ ಡಬ್ಬಿ ಮೇಜಿನ ಮೇಲೆಯೇ ಉಳಿಯಿತು. ಅವನು ಹೊರಗೆ ಬಂದ. ಬೆಂಚಿನ ಮೇಲೆ ಮಗಳು ನೆಟ್ಟಗೆ ಕೂತಿದ್ದಳು. ಅವಳ ಎದುರಿನ ಗೋಡೆಯ ಮೇಲೆ ಮಕ್ಕಳು ಬರೆದ ಬಣ್ಣಬಣ್ಣದ ಚಿತ್ರಗಳಿದ್ದವು. ಅವಳು ಅವನ್ನು ನೋಡುತ್ತಿರಲಿಲ್ಲ. ತಾಯಿಯ ಕೈಗಡಿಯಾರವನ್ನು ನೋಡುತ್ತಿದ್ದಳು.

ಊರಿಗೆ ಹೊರಟಾಗ ಸಂಜೆಯಾಗಿತ್ತು. ಬಸ್ಸಿನ ಕಿಟಕಿಯ ಪಕ್ಕ ಸಿಂಚನಾ, ಅವಳ ಪಕ್ಕ ಅಪ್ಪ. ಸುಮಂಗಲಾ ಹಿಂದಿನ ಸೀಟಿನಲ್ಲಿ ಸೆರಗನ್ನು ಬಾಯಿಗೆ ಒತ್ತಿಕೊಂಡು ಕೂತಿದ್ದಳು. ಗಂಡ ಅವಳಿಗೆ ಎಲ್ಲವನ್ನೂ ಹೇಳಿದ್ದ. ಹೊಲಗಳ ಮೇಲೆ ಚಂದ್ರ ಮೂಡಿದ. ಗಿಡ, ಕಂಬ, ಮನೆ ಎಲ್ಲವೂ ಹಿಂದಕ್ಕೆ ಓಡುತ್ತಿದ್ದವು. ಚಂದ್ರ ಮಾತ್ರ ಬಸ್ಸಿನ ಜೊತೆಗೇ ಬರುತ್ತಿದ್ದ.

ಕೊಟ್ರಬಸಪ್ಪ ತನ್ನ ಜನ್ಮದಲ್ಲಿ ಮೊದಲ ಸಲ ಅಂಥದೊಂದನ್ನು ಗಮನಿಸಿದ. ಮೊದಲಾಗಿದ್ದರೆ ಇದನ್ನು ಮಗಳೇ ಕೇಳುತ್ತಿದ್ದಳು, ತಾನು ಹಿಗ್ಗುತ್ತಿದ್ದೆ ಎಂದು ಅವನಿಗೆ ಅನಿಸಿತು.  ಮೆಲ್ಲಗೆ ಮಗಳ ಕೈ ಹಿಡಿದುಕೊಂಡ.

“ಸಿಂಚೂ, ಒಂದು ಪ್ರಶ್ನಿ ಕೇಳ್ಲೇನವಾ? ಗಿಡಾ ಎಲ್ಲಾ ಹಿಂದ ಓಡಾಕ ಹತ್ಯಾವ. ಚಂದ್ರಾಮ ಒಬ್ಬನ ಯಾಕ ನಮ್ಮ ಕೂಡ ಬರಾಕ ಹತ್ಯಾನ?”

ಅವಳು ಕಿಟಕಿಯ ಕಡೆ ತಿರುಗಲಿಲ್ಲ. ಅಪ್ಪನ ಮುಖ ನೋಡಿದಳು.

“ಎಷ್ಟ ನಿಮಿಷ ಅಪ್ಪಾ?”

“ನಿಮಿಷ ಇಲ್ಲವಾ. ಎಷ್ಟ ಹೊತ್ತು ಬೇಕೋ ಅಷ್ಟ ಹೊತ್ತು ನೋಡು. ಇವತ್ತ ಹೇಳದಿದ್ರೂ ನಡೀತೈತಿ. ಸುಮ್ಕ ಯೋಚನಿ ಮಾಡು.”

ನಿಮಿಷವಿಲ್ಲ ಎಂಬ ಮಾತು ಕೇಳಿ ಆ ಮಗುವಿಗೆ ಹೆದರಿಕೆಯಾಯಿತು. 

“ಅದು… ಹಂಗ ಇರತೈತಿ,” ಎಂದಳು. ಆಮೇಲೆ ಅವನ ಕಣ್ಣಲ್ಲಿ ನೀರು ಕಂಡು ಗಾಬರಿಯಾದಳು.

“ತಪ್ಪಾತೇನಪ್ಪಾ? ಅಳಬ್ಯಾಡಪ್ಪಾ. ಇನ್ನೊಂದು ಕೇಳು. ಲಗೂನ ಹೇಳ್ತೀನಿ.”

ನೀತಿ: ಮಗುವಿನ ಬುದ್ಧಿಯಲ್ಲಿ ಏರೂ ಇರುತ್ತದೆ, ತಗ್ಗೂ ಇರುತ್ತದೆ, ಎರಡೂ ಸೇರಿಯೇ ಆ ಮಗು. ತಗ್ಗಿನಲ್ಲಿ ಅದು ನಡೆಯುವಾಗ ಕೈ ಹಿಡಿಯಿರಿ. ಆ ತಗ್ಗನ್ನು ತುಂಬಲು ಗುಡ್ಡವನ್ನು ಅಗೆಯಬೇಡಿ. ಅಗೆದ ಗುಡ್ಡವನ್ನು ಮತ್ತೆ ಕಟ್ಟಲು ಅಪ್ಪನ ಪ್ರೀತಿಗೂ ಬರುವುದಿಲ್ಲ.